ಔಷಧಿ ಡಬ್ಬದ ಪಕ್ಕದಲ್ಲೇ ಒಲವು!

ಕಾದಂಬರಿ ಓದುವ ಹುಚ್ಚಿರುವ ಹೆಂಗಸರಿಗೆಲ್ಲ ಈ ದೃಶ್ಯ ಬಾಯಿಪಾಠ. ನಾಯಕನಿಗೆ ವಿಪರೀತ ಜ್ವರ. ಇಲ್ಲವೇ ಅವನ ತಾಯಿ ಹಾಸಿಗೆ ಹಿಡಿದಿದ್ದಾರೆ. ಅದುವರೆಗೂ ಅವನ ಜತೆ ಹಾವು-ಮುಂಗುಸಿಯಂತೆ ಜಗಳವಾಡುತ್ತಿದ್ದ ನಾಯಕಿ ರಾತ್ರಿಯಿಡೀ ನಿದ್ದೆಗೆಟ್ಟು ತಣ್ಣೀರು ಪಟ್ಟಿ ಹಾಕುತ್ತಾಳೆ, ಗಂಜಿ ಕುಡಿಸುತ್ತಾಳೆ. ಬೆಳಗಾಗುವ ಹೊತ್ತಿಗೆ ಜ್ವರವೂ ಇಳಿದಿರುತ್ತದೆ, ನಾಯಕನ ಹಮ್ಮೂ ಇಳಿದಿರುತ್ತದೆ. ಮುಂದಿನ ಅಧ್ಯಾಯದಲ್ಲಿ ವಾಲಗ, ಓಲಗ, ಶುಭಂ!

ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಬಾಡಿಗೆ ಲೈಬ್ರರಿಯಿಂದ ತಂದ ಪುಸ್ತಕ ಹಿಡಿದು ಒರಗಿಕೊಂಡಾಗ ಇಂಥ ಪ್ರೇಮಕಥೆ ಓದುವುದೇ ಒಂದು ಸುಖ. ನಗು ಬರುತ್ತದೆ, ಕಣ್ಣೂ ಒದ್ದೆಯಾಗುತ್ತದೆ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ನಿಮ್ಮ ಮಾವನವರ ಕೆಮ್ಮು ಕೇಳಿಸುತ್ತದೆ. ಪುಸ್ತಕ ಮಗುಚಿಟ್ಟು ಏಳುತ್ತೀರಿ.

ಕಾದಂಬರಿಯಲ್ಲಿ ಆರೈಕೆ ಒಂದು ರಾತ್ರಿಯದು. ನಮ್ಮ ಮನೆಗಳಲ್ಲಿ ಅದು ಮೂರು ವರ್ಷದ್ದು, ಐದು ವರ್ಷದ್ದು, ಕೆಲವೊಮ್ಮೆ ಹತ್ತು ವರ್ಷದ್ದು. ಪಾರ್ಶ್ವವಾಯು ಹೊಡೆದ ಮಾವ, ಮರೆವಿನ ಕಾಯಿಲೆಯ ಅತ್ತೆ, ಡಯಾಲಿಸಿಸ್‌ಗೆ ಹೋಗಬೇಕಾದ ಅಪ್ಪ. ಕಥೆಗಾರ್ತಿ ಪುಸ್ತಕ ಮುಗಿಸಿದ ಜಾಗದಿಂದ ನಮ್ಮ ಕೆಲಸ ಶುರು! ಹಾಗಾದರೆ ಅಷ್ಟು ವರ್ಷ ಗಂಡ-ಹೆಂಡಿರ ನಡುವಿನ ಪ್ರೀತಿ, ಹುಡುಗಾಟ, ನಗು ಉಳಿಯುತ್ತದೆಯೇ? ಉಳಿಯುತ್ತದೆ. ಆದರೆ ಒಂದೇ ಷರತ್ತು. ಆರೈಕೆ ಒಬ್ಬಳ ಪಾಲಿಗೇ ಬರಬಾರದು. ಕೆಲಸ ಹಂಚಿಕೊಂಡ ಮನೆಯಲ್ಲಿ ಮಾತ್ರ ಪ್ರೀತಿಗೆ ಪುರುಸೊತ್ತು ಸಿಗುತ್ತದೆ.

ತ್ರಿವೇಣಿ ಅಂದೇ ಹೇಳಿದ್ದರು

ರೋಗಿಯ ಹಾಸಿಗೆ ಪಕ್ಕದಲ್ಲಿ ಹುಟ್ಟುವ ಪ್ರೀತಿಯನ್ನು ಕಣ್ಣುಮುಚ್ಚಿ ನಂಬದ ಲೇಖಕಿ ನಮ್ಮಲ್ಲಿ ಒಬ್ಬರಿದ್ದರು. ಅವರೇ ತ್ರಿವೇಣಿ (1928-1963). ಮನಃಶಾಸ್ತ್ರ ಓದಿದ್ದ ಅವರು ಬದುಕಿದ್ದು 35 ವರ್ಷವನ್ನೂ ತುಂಬಿರಲಿಲ್ಲ. ಅಷ್ಟರೊಳಗೆ ಬರೆದ ಕಾದಂಬರಿಗಳನ್ನು ನಮ್ಮ ಅಜ್ಜಿ, ಅಮ್ಮ, ನಾವು ಮೂರು ತಲೆಮಾರು ಓದಿದ್ದೇವೆ.

ಅವರ ‘ಬೆಳ್ಳಿಮೋಡ’ ನೆನಪಿದೆಯಲ್ಲ? ಸಿರಿವಂತರ ಮನೆಯ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಲು ಒಪ್ಪಿದ್ದ ಹುಡುಗನ ಕಣ್ಣು ಆಸ್ತಿಯ ಮೇಲೆ. ಅವಳಿಗೊಬ್ಬ ತಮ್ಮ ಹುಟ್ಟಿದ್ದೇ ತಡ, ಮದುವೆ ಬೇಡ ಅಂದುಬಿಡುತ್ತಾನೆ. ಆಮೇಲೆ ಅವನೇ ಪೆಟ್ಟು ಮಾಡಿಕೊಂಡು ಮಲಗಿದಾಗ ಶುಶ್ರೂಷೆ ಮಾಡುವವಳು ಅದೇ ಇಂದಿರಾ. ಈಗ ಅವನಿಗೆ ಅವಳ ಬೆಲೆ ತಿಳಿಯುತ್ತದೆ. ಮದುವೆಯಾಗೋಣ ಅನ್ನುತ್ತಾನೆ. ಬೇರೆ ಯಾರೇ ಬರೆದಿದ್ದರೂ ಅಲ್ಲಿಗೆ ವಾಲಗ ಊದಿಸಿಬಿಡುತ್ತಿದ್ದರೇನೋ. ತ್ರಿವೇಣಿಯವರ ಇಂದಿರಾ ಮಾತ್ರ ಒಲ್ಲೆ ಅನ್ನುತ್ತಾಳೆ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಸಿನಿಮಾ ಮಾಡಿದಾಗ ಕಲ್ಪನಾ ಆ ಪಾತ್ರದಲ್ಲಿ ಮನೆಮಾತಾದರು.

ಇದರಿಂದ ನಮಗೇನು ಅಂತೀರಾ? ಬಹಳ ಇದೆ. ಆರೈಕೆ ಮಾಡಿದ ಮಾತ್ರಕ್ಕೆ ಹೆಣ್ಣು ತನ್ನ ಮನಸ್ಸನ್ನೂ ಬರೆದುಕೊಟ್ಟ ಹಾಗಲ್ಲ. ಕರುಣೆಯಿಂದ ಗಂಜಿ ಕುಡಿಸಬಹುದು, ಗಾಯ ತೊಳೆಯಬಹುದು. ಪ್ರೀತಿ ಅದರ ಬಾಬತ್ತೇ ಬೇರೆ. “ಇಷ್ಟೆಲ್ಲ ಮಾಡ್ತಾಳೆ, ಅಂದ್ಮೇಲೆ ಅವಳಿಗೆ ಇಷ್ಟಾನೇ ಇರ್ಬೇಕು” ಅಂತ ಮನೆಯವರು ಅಂದುಕೊಂಡುಬಿಟ್ಟರೆ ಅವಳನ್ನು ಕೇಳುವವರೇ ಇರುವುದಿಲ್ಲ.

ಇನ್ನು ‘ಶರಪಂಜರ’. ಇಲ್ಲಿ ಪ್ರಶ್ನೆ ತಿರುವುಮುರುವು. ಎಲ್ಲರನ್ನೂ ನೋಡಿಕೊಳ್ಳುವ ಹೆಣ್ಣೇ ಮಲಗಿದರೆ ಅವಳನ್ನು ನೋಡುವವರು ಯಾರು? ಹೆರಿಗೆಯ ನಂತರ ಕಾವೇರಿಗೆ ಮಾನಸಿಕ ಕಾಯಿಲೆ. ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಮನೆ ಅವಳನ್ನು ಮೊದಲಿನ ಕಾವೇರಿಯಾಗಿ ಒಪ್ಪುವುದಿಲ್ಲ, ಗಂಡನೂ ಅವಳ ಪಕ್ಕ ನಿಲ್ಲುವುದಿಲ್ಲ. 1971ರಲ್ಲಿ ತೆರೆಗೆ ಬಂದ ಆ ಕಥೆ ನೋಡಿ ಥಿಯೇಟರಿನಲ್ಲಿ ಅತ್ತವರೆಷ್ಟೋ. ಪ್ರೀತಿಸಿ ಮದುವೆಯಾದ ಮನೆಯಲ್ಲೂ ಆರೈಕೆ ಒಂದೇ ಕಡೆಗೆ ಹರಿದರೆ ಪ್ರೀತಿ ಹೇಗೆ ಒಣಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ಗೋಧಿ ಬಣ್ಣದ ಅಪ್ಪ

ಅಳು ಸಾಕು, ನಗುವಿನ ಕಡೆ ಬರೋಣ. ಪ್ರೀತಿ, ತಮಾಷೆ, ಆರೈಕೆ ಮೂರನ್ನೂ ಹದವಾಗಿ ಬೆರೆಸಿದ ಕಥೆ ನಮ್ಮ ಬೆಂಗಳೂರಿನಲ್ಲೇ ನಡೆದಂತೆ ತೆರೆಯ ಮೇಲೆ ಬಂದದ್ದು 2016ರಲ್ಲಿ. ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಹೆಸರೇ ಕಾಣೆಯಾದವರ ಪ್ರಕಟಣೆಯದು!

ಅಲ್ಝೈಮರ್ಸ್ ಅಂದರೆ ಮರೆವಿನ ಕಾಯಿಲೆ ಬಂದಿರುವ ವೆಂಕೋಬ ರಾವ್ (ಅನಂತನಾಗ್) ಆರೈಕೆ ಕೇಂದ್ರದಲ್ಲಿದ್ದಾರೆ. ಮಗ ಶಿವ (ರಕ್ಷಿತ್ ಶೆಟ್ಟಿ) ಮುಂಬೈನಲ್ಲಿ ನೌಕರಿ, ಸದಾ ಅವಸರದ ಮನುಷ್ಯ. ಊರಿಗೆ ಬಂದಾಗ ಅಪ್ಪನನ್ನು ಹೊರಗೆ ಕರೆದುಕೊಂಡು ಹೋಗುತ್ತಾನೆ, ಅವನ ಗಮನ ಬೇರೆಡೆ ಇದ್ದಾಗ ಅಪ್ಪ ಕಾಣೆ. ಹುಡುಕಾಟದಲ್ಲಿ ಜತೆಯಾಗುವವಳು ಕೇಂದ್ರದ ಡಾಕ್ಟರ್ ಸಹನಾ (ಶ್ರುತಿ ಹರಿಹರನ್). ಬೀದಿ ಬೀದಿ ಅಲೆಯುತ್ತ ಇಬ್ಬರ ನಡುವೆ ಒಲವು ಮೊಳೆಯುತ್ತದೆ.

ಆದರೆ ಚಿತ್ರದ ನಿಜವಾದ ಪ್ರೇಮಕಥೆ ಯಾರದು ಗೊತ್ತೇ? ಆ ಮುದುಕರದು! ಹೆಂಡತಿ ಪುಷ್ಪಾಳನ್ನು ತಾವು ಮೆಚ್ಚಿದ್ದು ಹೇಗೆ ಅನ್ನುವುದನ್ನು ವೆಂಕೋಬ ರಾಯರು ಸಹನಾಳಿಗೆ ಹೇಳಿರುತ್ತಾರೆ. ಹೆತ್ತ ಮಗನಿಗೆ ಅದು ಗೊತ್ತೇ ಇಲ್ಲ. ಅಪ್ಪನನ್ನು ‘ಒಂದು ಜವಾಬ್ದಾರಿ’ ಅಂತ ನೋಡುತ್ತಿದ್ದವನಿಗೆ ಅಪ್ಪನೂ ಒಂದು ಕಾಲಕ್ಕೆ ನಾಚಿಕೊಂಡು, ತಡವರಿಸಿಕೊಂಡು ಪ್ರೀತಿಸಿದ ಹುಡುಗ ಅಂತ ಹೊಳೆಯುತ್ತದೆ. ಅಲ್ಲಿಂದ ಮಗ ಬದಲಾಗುತ್ತಾನೆ.

ನಿಮ್ಮ ಅತ್ತೆ-ಮಾವನವರ ಕಥೆ ನಿಮಗೆ ಗೊತ್ತಾ? “ಅತ್ತೆ, ಮಾವನೋರು ನಿಮ್ಮನ್ನ ನೋಡೋಕೆ ಬಂದಾಗ ಏನ್ ಉಟ್ಕೊಂಡಿದ್ರಿ?” ಅಂತ ಒಮ್ಮೆ ಕೇಳಿ ನೋಡಿ. ಮರೆವಿನ ಕಾಯಿಲೆಯಲ್ಲಿ ಬೆಳಗಿನ ತಿಂಡಿ ಮರೆತುಹೋಗುತ್ತದೆ, ಐವತ್ತು ವರ್ಷದ ಹಿಂದಿನ ಸೀರೆಯ ಅಂಚು ಎಷ್ಟೋ ಸಲ ನೆನಪಿರುತ್ತದೆ. ಹಳೇ ಆಲ್ಬಂ ಮುಂದಿಟ್ಟುಕೊಂಡು ಕೂತರೆ ಸಂಜೆಯ ಹಠ ಎಷ್ಟೋ ಕಡಿಮೆಯಾಗುತ್ತದೆ. ಮಗನನ್ನೂ ಪಕ್ಕದಲ್ಲಿ ಕೂರಿಸಿ, ಮೊಮ್ಮಕ್ಕಳನ್ನೂ ಕೂರಿಸಿ. ಕಥೆ ಗೊತ್ತಾದ ಮೇಲೆ ಡೈಪರ್ ಬದಲಿಸುವ ಕೈಗೆ ಬೇರೆಯದೇ ಮೃದುತ್ವ ಬರುತ್ತದೆ.

ನಗುವುದಕ್ಕೆ ನಾಚಿಕೆ ಯಾಕೆ?

“ಮನೇಲಿ ಕಾಯಿಲೆಯವರನ್ನ ಇಟ್ಕೊಂಡು ಏನು ನಗು ಅಂತೀನಿ” ಅನ್ನುವ ಮಾತನ್ನು ಬಂಧುಗಳ ಬಾಯಲ್ಲಿ ಕೇಳಿರುತ್ತೀರಿ. ತಲೆ ಕೆಡಿಸಿಕೊಳ್ಳಬೇಡಿ. ಕನ್ನಡದ ಹೆಸರಾಂತ ಹಾಸ್ಯ ಪತ್ರಿಕೆ ‘ಕೊರವಂಜಿ’ಯನ್ನು 1942ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ರಾ.ಶಿ. ಅಂದರೆ ಡಾ. ಎಂ. ಶಿವರಾಂ ಸ್ವತಃ ವೈದ್ಯರು. ದಿನವೆಲ್ಲ ರೋಗಿಗಳ ನಾಡಿ ಹಿಡಿದ ಕೈಯಿಂದಲೇ ನಾಡನ್ನೆಲ್ಲ ನಗಿಸಿದರು. ಅದೇ ಪತ್ರಿಕೆಯಲ್ಲಿ ಬರೆದ ಟಿ. ಸುನಂದಮ್ಮನವರು ಹಾಸ್ಯ ಹುಡುಕಲು ದೂರ ಹೋಗಲಿಲ್ಲ. ಅಡುಗೆಮನೆ, ಪಡಸಾಲೆ, ಗಂಡ-ಹೆಂಡಿರ ಮಾತು, ಇಷ್ಟೇ ಸಾಕಾಯಿತು.

ಆರೈಕೆಯ ಮನೆಯಲ್ಲಿ ತಮಾಷೆಗೇನು ಬರ? ಮಾವನವರು ಕಾಫಿ ಕುಡಿದ ಹತ್ತು ನಿಮಿಷಕ್ಕೆ “ಈ ಮನೇಲಿ ಕಾಫಿ ಕೊಡೋ ಪದ್ಧತಿ ಇಲ್ವೇನಮ್ಮಾ?” ಅಂತಾರೆ. “ಈಗ್ತಾನೆ ಕುಡಿದ್ರಲ್ಲ” ಅಂತ ವಾದಕ್ಕಿಳಿದರೆ ಜಗಳ. “ಹಾಲು ಕಾಯ್ತಾ ಇದೆ ಮಾವ, ಬಂದೆ” ಅಂದರೆ ಶಾಂತಿ. ಯಲಹಂಕದ ಕಡೆಯವರಿಗೆ ಇನ್ನೊಂದು ಬೋನಸ್ಸು. 1996ರಿಂದ ಎರಡು ವರ್ಷಕ್ಕೊಮ್ಮೆ ಅಲ್ಲಿನ ವಾಯುನೆಲೆಯಲ್ಲಿ ಏರೋ ಇಂಡಿಯಾ ಪ್ರದರ್ಶನ. ಅರ್ಧ ಗಂಟೆ ತಟ್ಟಿ ತಟ್ಟಿ ಅತ್ತೆಯವರನ್ನು ಮಲಗಿಸಿ ಬಾಗಿಲು ಮುಂದೆ ಮಾಡುವಷ್ಟರಲ್ಲಿ ತಲೆಯ ಮೇಲೆ ವಿಮಾನ ಗುಂಯ್ ಅಂತ ಹೋದರೆ ಅಳಬೇಕೋ ನಗಬೇಕೋ? ನಕ್ಕುಬಿಡಿ. ಒಂದೇ ಎಚ್ಚರಿಕೆ, ನಗು ರೋಗಿಯ ಜತೆ ಇರಲಿ, ರೋಗಿಯ ಮೇಲೆ ಬೇಡ. ಅವರ ಎದುರಲ್ಲೇ ನೆಂಟರಿಗೆ “ಇವತ್ತು ಏನ್ ಮಾಡಿದ್ರು ಗೊತ್ತಾ” ಅಂತ ಹೇಳಿ ನಗಾಡಿದರೆ ಮರೆವಿನವರಿಗೂ ಮನಸ್ಸು ನೋಯುತ್ತದೆ.

ಇನ್ನೊಂದು ಮಾತು. ಒಬ್ಬಳೇ ಹಗಲೂ ರಾತ್ರಿ ದುಡಿಯುವ ಮನೆಯಲ್ಲಿ ಇದೇ ಕಾಫಿ ಪ್ರಸಂಗ ತಮಾಷೆ ಆಗುವುದೇ ಇಲ್ಲ. ಐದನೇ ಸಲ ಕೇಳಿದಾಗ ಕೈಯಲ್ಲಿರುವ ಲೋಟ ಎಸೆಯುವ ಹಾಗಾಗುತ್ತದೆ. ಆಗ ನಿಮ್ಮ ಸ್ವಭಾವ ಕೆಟ್ಟಿದೆ ಅಂತ ಅಲ್ಲ, ನಿಮಗೆ ನಿದ್ದೆ ಕೆಟ್ಟಿದೆ ಅಂತ ಅರ್ಥ. ನಗು ಬತ್ತಿದೆ ಅನ್ನಿಸಿದ ದಿನವೇ ಕೆಲಸ ಹಂಚುವ ಮಾತು ಎತ್ತಬೇಕು.

ಲೆಕ್ಕ ಯಾರ ತಲೆಯ ಮೇಲಿದೆ?

ಹಂಚುವ ಮಾತು ಬಂದಾಗ “ನಾನೂ ಮಾಡ್ತೀನಲ್ಲ” ಅನ್ನುವುದು ಗಂಡಸರ ಮಾಮೂಲಿ ಉತ್ತರ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ ಏನು ಹೇಳುತ್ತದೆ ನೋಡಿ. 15ರಿಂದ 59 ವರ್ಷದೊಳಗಿನ ಹೆಂಗಸರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು, ದಿನಕ್ಕೆ ಸುಮಾರು 140 ನಿಮಿಷ. ಅದೇ ವಯಸ್ಸಿನ ಗಂಡಸರಲ್ಲಿ ಶೇ 21.4 ಮಂದಿ, ಅವರದ್ದು ಸುಮಾರು 74 ನಿಮಿಷ. ಮಕ್ಕಳ ಲಾಲನೆ-ಪಾಲನೆಯೂ ಇದರಲ್ಲಿ ಸೇರಿದೆ. ಅಡುಗೆ, ಪಾತ್ರೆ, ಬಟ್ಟೆಯ ಲೆಕ್ಕ ಬೇರೆ!

ಕಾನೂನು ಏನನ್ನುತ್ತದೆ? ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆಯಲ್ಲಿ ‘ಮಕ್ಕಳು’ ಅಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರು ಆ ಪಟ್ಟಿಯಲ್ಲಿ ಇಲ್ಲ! ಕಾನೂನು ಜವಾಬ್ದಾರಿ ಹೊರಿಸುವುದು ಹೆತ್ತ ಮಕ್ಕಳ ಮೇಲೆ, ಮನೆ ಹೊರಿಸುವುದು ಸೊಸೆಯ ಮೇಲೆ. ಇದನ್ನು ಹಿಡಿದು ಗಂಡನ ಜತೆ ಜಗಳಕ್ಕೆ ನಿಲ್ಲಿ ಅಂತ ಹೇಳುತ್ತಿಲ್ಲ. ಆದರೆ “ಸೊಸೆ ಆದ್ಮೇಲೆ ಮಾಡ್ಲೇಬೇಕು” ಅನ್ನುವವರಿಗೆ “ಮಗನೂ ಮಾಡ್ಲೇಬೇಕು, ಮಗಳೂ ಮಾಡ್ಲೇಬೇಕು” ಅಂತ ನಗುನಗುತ್ತಲೇ ಹೇಳುವ ಧೈರ್ಯ ನಿಮಗಿರಲಿ. ಹಾಗೆಯೇ ನಿಮ್ಮ ತವರಿನ ಅಪ್ಪ-ಅಮ್ಮನನ್ನು ನೋಡಿಕೊಳ್ಳುವುದು ನಿಮ್ಮ ಹಕ್ಕು, ಕರ್ತವ್ಯ ಎರಡೂ ಹೌದು.

ನಮ್ಮ ಕಡೆಯ ಒಂದು ಕಥೆ

ಈಗೊಂದು ಕಾದಂಬರಿ ಬರೆಯುವುದಾದರೆ ಅದು ಹೇಗಿರಬೇಕು? ಸುಮ್ಮನೆ ಕಲ್ಪಿಸಿಕೊಳ್ಳೋಣ. ಆರ್.ಟಿ. ನಗರದ ಒಂದು ಹಳೇ ಮನೆ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಪಾರ್ಶ್ವವಾಯು ಹೊಡೆದ ಮಾವ. ಮಗನಿಗೆ ಹೆಬ್ಬಾಳದಾಚೆ ಕಂಪನಿಯಲ್ಲಿ ಕೆಲಸ. ಫ್ಲೈಓವರ್ ಮೇಲೆ ಟ್ರಾಫಿಕ್ ಜಾಮ್ ಆದ ದಿನ ಮನೆ ಸೇರುವ ಹೊತ್ತಿಗೆ ಒಂಬತ್ತು. ನಾದಿನಿ ಯಶವಂತಪುರದಲ್ಲಿ, ಅವಳಿಗೂ ಮಕ್ಕಳ ಪರೀಕ್ಷೆ. ಸೊಸೆಯ ಅಮ್ಮ ಯಲಹಂಕ ನ್ಯೂಟೌನ್‌ನಲ್ಲಿ ಒಬ್ಬರೇ, ಅವರಿಗೆ ಮಂಡಿನೋವು.

ಹಳೇ ಕಾದಂಬರಿಯ ನಾಯಕ ಇಲ್ಲಿ ಏನು ಮಾಡುತ್ತಿದ್ದ? ಒಂಬತ್ತಕ್ಕೆ ಬಂದು “ಪಾಪ, ನಿಂಗೆ ತುಂಬಾ ಕಷ್ಟ” ಅಂತ ತಲೆ ಸವರಿ, ಮಲ್ಲಿಗೆ ಹೂ ಕೊಟ್ಟು, ಊಟ ಮಾಡಿ ಮಲಗುತ್ತಿದ್ದ. ಹೂ ಕೊಟ್ಟರೆ ಬೇಡ ಅನ್ನುವುದಿಲ್ಲ, ತರಲಿ! ಆದರೆ ಇಂದಿನ ನಾಯಕ ಊಟವಾದ ಮೇಲೆ “ರಾತ್ರಿ ಅಪ್ಪನ್ನ ಮಗ್ಗುಲು ಬದಲಾಯಿಸೋದು ನನ್ನ ಕೆಲಸ, ನೀನು ಒಳಗಡೆ ಮಲ್ಕೋ” ಅನ್ನಬೇಕು. ಅಷ್ಟು ಹೇಳಿದ ಗಂಡನ ಮೇಲೆ ಯಾವ ಹೆಂಡತಿಗೆ ಪ್ರೀತಿ ಉಕ್ಕುವುದಿಲ್ಲ ಹೇಳಿ?

ಹಂಚಿಕೊಳ್ಳುವುದು ಹೇಗೆ?

‘ಯಾರಾದ್ರೂ ಸ್ವಲ್ಪ ಸಹಾಯ ಮಾಡಿ’ ಅಂದರೆ ಯಾರೂ ಮಾಡುವುದಿಲ್ಲ. ಕೆಲಸಕ್ಕೆ ಹೆಸರಿಡಿ, ಹೊತ್ತು ಗೊತ್ತು ಮಾಡಿ.

* ಮೊದಲು ಒಂದು ನೋಟ್‌ಬುಕ್ ಮಾಡಿ. ಬೆಳಗಿನಿಂದ ರಾತ್ರಿವರೆಗೆ ಮಾಡುವ ಕೆಲಸಗಳನ್ನೆಲ್ಲ ಒಂದು ವಾರ ಬರೆಯಿರಿ. ಮಾತ್ರೆ, ಸ್ನಾನ, ಬೆಡ್ ಪ್ಯಾನ್, ಫಿಸಿಯೊಥೆರಪಿ, ಬಟ್ಟೆ, ಡಾಕ್ಟರ್ ಅಪಾಯಿಂಟ್‌ಮೆಂಟ್. ಬಾಯಲ್ಲಿ ಹೇಳಿದರೆ ದೂರು ಅನ್ನಿಸುತ್ತದೆ, ಬರೆದು ತೋರಿಸಿದರೆ ಲೆಕ್ಕ ಅನ್ನಿಸುತ್ತದೆ.

* ಭಾನುವಾರ ಎಲ್ಲರನ್ನೂ ಕೂರಿಸಿ. ನಾದಿನಿ, ಮೈದುನ ದೂರದ ಊರಲ್ಲಿದ್ದರೆ ಫೋನಿನಲ್ಲಿ ಸೇರಿಸಿಕೊಳ್ಳಿ. ಮಾತು ಎತ್ತುವವರು ನಿಮ್ಮ ಗಂಡನೇ ಆಗಲಿ. ಸೊಸೆ ಎತ್ತಿದರೆ ತಗಾದೆ, ಮಗ ಎತ್ತಿದರೆ ವ್ಯವಸ್ಥೆ!

* ಗಂಡನಿಗೆ ‘ಹೊರಗಿನ ಕೆಲಸ’ ಮಾತ್ರ ಕೊಡಬೇಡಿ. ಮೆಡಿಕಲ್ ಸ್ಟೋರ್‌ಗೆ ಹೋಗಿ ಬರುವುದು ಸುಲಭ. ಅಪ್ಪನಿಗೆ ಕ್ಷೌರ, ಸ್ನಾನ, ರಾತ್ರಿ ಪಾಳಿ, ಇವುಗಳಲ್ಲಿ ಒಂದಾದರೂ ಪೂರ್ತಿ ಅವರದೇ ಆಗಲಿ. ಅವರು ಮಾಡುವಾಗ “ಹಾಗಲ್ಲ, ಹೀಗೆ” ಅಂತ ಹಿಂದೆಯೇ ನಿಲ್ಲಬೇಡಿ. ಮೊದಲ ವಾರ ಲುಂಗಿ ಸೊಟ್ಟಗೆ ಉಡಿಸಿದರೆ ಉಡಿಸಲಿ ಬಿಡಿ, ಕಲಿಯುತ್ತಾರೆ.

* ಬರಲಾಗದ ನಾದಿನಿ, ಮೈದುನ ಹಣದ ಪಾಲು ಕೊಡಲಿ, ಇಲ್ಲವೇ ವರ್ಷದಲ್ಲಿ ಇಂತಿಷ್ಟು ದಿನ ತಾವೇ ಬಂದು ಇರಲಿ. ‘ಆಗಾಗ ಬರ್ತೀವಿ’ ಅನ್ನುವುದು ಲೆಕ್ಕಕ್ಕಿಲ್ಲ. ತಾರೀಖು ಕ್ಯಾಲೆಂಡರ್ ಮೇಲೆ ಬರೆಸಿ.

* ಹೋಂ ನರ್ಸ್ ಅಥವಾ ಆಯಾ ಇಟ್ಟುಕೊಳ್ಳುವುದು ಪಾಪವಲ್ಲ. ಗುರುತಿನ ಚೀಟಿ, ಹಿಂದೆ ಕೆಲಸ ಮಾಡಿದ ಮನೆ ವಿಚಾರಿಸಿ. ಮೊದಲ ಕೆಲವು ದಿನ ಜತೆಗಿದ್ದು ತೋರಿಸಿಕೊಡಿ. ಆಕೆಗೂ ಊಟ, ನಿದ್ದೆ, ವಾರದ ರಜೆ ಬೇಕು ಅನ್ನುವುದು ನೆನಪಿರಲಿ.

* ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಲು ಹೇಳುತ್ತಾರೆ. ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಒಬ್ಬರೇ ಎತ್ತಲು ಹೋಗಿ ಬೆನ್ನು ಹಿಡಿದುಕೊಳ್ಳಬೇಡಿ. ಸೊಂಟ ಬಗ್ಗಿಸದೆ ಮಂಡಿ ಮಡಚಿ, ರೋಗಿಯನ್ನು ಮೈಗೆ ಹತ್ತಿರ ತಂದುಕೊಂಡು ಎತ್ತಬೇಕು. ಹೇಗೆಂದು ಫಿಸಿಯೊಥೆರಪಿಸ್ಟ್ ಹತ್ತಿರ ಗಂಡ-ಹೆಂಡತಿ ಇಬ್ಬರೂ ಒಟ್ಟಿಗೆ ಕಲಿಯಿರಿ.

* ಮರೆವಿನ ಕಾಯಿಲೆ ಇದ್ದರೆ ಇತ್ತೀಚಿನ ಫೋಟೊ ಮೊಬೈಲ್‌ನಲ್ಲಿರಲಿ. ಹೆಸರು, ಮನೆಯವರ ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲೋ, ಕೈಯ ಬಳೆಯಲ್ಲೋ ಇರಲಿ. ಮೂಲೆ ಅಂಗಡಿಯವರಿಗೆ, ಆಟೊ ಸ್ಟ್ಯಾಂಡಿನವರಿಗೆ ವಿಷಯ ಹೇಳಿಟ್ಟಿರಿ. ಮುಚ್ಚಿಟ್ಟರೆ ಮರ್ಯಾದೆ ಉಳಿಯುತ್ತದೆ ಅನ್ನುವುದು ಭ್ರಮೆ. ಕಾಣೆಯಾದರೆ ತಡಮಾಡದೆ ಪೊಲೀಸರಿಗೆ ತಿಳಿಸಿ.

ನಿಮ್ಮಿಬ್ಬರಿಗೆ ಅಂತ ಅರ್ಧ ಗಂಟೆ

ಎಲ್ಲ ಹಂಚಿಕೊಂಡ ಮೇಲೆ ಮಿಗುವ ಹೊತ್ತನ್ನು ಏನು ಮಾಡುತ್ತೀರಿ? ಮತ್ತೆ ಬೀರು ಜೋಡಿಸಲು ಹೋಗಬೇಡಿ! ದಿನಕ್ಕೆ ಅರ್ಧ ಗಂಟೆ ನಿಮ್ಮಿಬ್ಬರದು. ಟೆರೇಸಿನ ಮೇಲೆ ಕಾಫಿ ಲೋಟ ಹಿಡಿದು ಕೂರಿ. ಆ ಅರ್ಧ ಗಂಟೆ ಸಕ್ಕರೆ ಕಾಯಿಲೆ, ಬಿ.ಪಿ., ಆಸ್ಪತ್ರೆ ಬಿಲ್ಲಿನ ಮಾತು ಬೇಡ. ಮಾತಿಗೆ ವಿಷಯ ಇಲ್ಲದಿದ್ದರೆ ಪಕ್ಕದ ಮನೆ ನಾಯಿಯ ವಿಷಯ ಆದರೂ ಸರಿ.

ತಿಂಗಳಿಗೊಮ್ಮೆ ನಾದಿನಿ ಬಂದ ದಿನ ಹೊರಗೆ ಹೋಗಿ ಬನ್ನಿ. ಹೆಬ್ಬಾಳ ಕೆರೆ ದಂಡೆಯೋ, ಒಂದು ಸಿನಿಮಾವೋ, ಮಸಾಲೆ ದೋಸೆಯೋ. “ಅತ್ತೆ ಮಲಗಿರೋವಾಗ ತಿರುಗಾಡೋಕೆ ಹೋಗ್ತಾಳೆ” ಅಂತ ಯಾರೋ ಅಂದರು ಅಂತ ಸೆರಗು ಕಚ್ಚಿ ಅಳಬೇಡಿ. ಗಾಡಿಗೆ ಪೆಟ್ರೋಲ್ ಹಾಕಿಸಿದರೆ ಯಾರೂ ‘ದುಂದು’ ಅನ್ನುವುದಿಲ್ಲವಲ್ಲ!

ಮಲಗಿರುವವರಿಗೂ ಇದು ಒಳ್ಳೆಯದೇ. ಸದಾ ಸಿಡಿಮಿಡಿಗುಟ್ಟುವ ಕೈಯಿಂದ ತುತ್ತು ಉಣ್ಣುವುದು ಅವರಿಗೂ ಸಂಕಟ. “ನನ್ನಿಂದ ಇವರಿಬ್ಬರ ಸಂಸಾರ ಹಾಳಾಯ್ತು” ಅನ್ನುವ ಕೊರಗು ಎಷ್ಟೋ ಹಿರಿಯರನ್ನು ಒಳಗೊಳಗೇ ತಿನ್ನುತ್ತದೆ. ಮಗ-ಸೊಸೆ ನಗುತ್ತ ಬಾಗಿಲು ತೆಗೆದು ಒಳಗೆ ಬಂದರೆ ಅವರ ಮುಖವೂ ಅರಳುತ್ತದೆ.

ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೇಳಬೇಕಾದ ಪ್ರಶ್ನೆ

ಮದುವೆಗೆ ಬಂದ ಮಗಳಿರುವ ತಾಯಂದಿರಿಗೊಂದು ಕಿವಿಮಾತು. ಹೆಣ್ಣು ನೋಡಲು ಬಂದವರು “ನಮ್ಮಮ್ಮನ್ನ ಚೆನ್ನಾಗಿ ನೋಡ್ಕೋಬೇಕು” ಅನ್ನುವುದು ಉಂಟು. ತಪ್ಪೇನಿಲ್ಲ, ಹೆತ್ತ ತಾಯಿಯ ಚಿಂತೆ ಇರುವ ಹುಡುಗ ಒಳ್ಳೆಯವನೇ. ಆದರೆ ನಿಮ್ಮ ಮಗಳು ಸಂಕೋಚ ಬಿಟ್ಟು ಎರಡು ಪ್ರಶ್ನೆ ಕೇಳಲಿ. “ನಿಮ್ಮಮ್ಮನಿಗೆ ಈಗ ನೀವು ಏನೇನು ಮಾಡ್ತೀರಿ?” ಇದು ಮೊದಲನೆಯದು. “ನಮ್ಮಪ್ಪ-ಅಮ್ಮನಿಗೆ ಹುಷಾರಿಲ್ಲ ಅಂದ್ರೆ ನೀವು ನನ್ನ ಜತೆ ಬರ್ತೀರಾ?” ಇದು ಎರಡನೆಯದು. ಉತ್ತರ ಕೇಳಿದ ಮೇಲೆ ಜಾತಕ ನೋಡಿಸಿದರೂ ನಡೆಯುತ್ತದೆ.

ಒಬ್ಬಳೇ ಮಗಳಿರುವ ಮನೆಗಳಲ್ಲಿ ಇದು ಇನ್ನೂ ಮುಖ್ಯ. ಕಾಯಿಲೆಯ ಅಪ್ಪನನ್ನು ಬಿಟ್ಟು ಹೇಗೆ ಹೋಗಲಿ ಅಂತ ಹುಡುಗಿ ಮದುವೆಯೇ ಬೇಡ ಅಂದುಬಿಡಬಹುದು. ತಂದೆ-ತಾಯಿಗೂ ಅದೇ ಕೊರಗು. “ಜತೆಗೆ ನೋಡ್ಕೊಳ್ಳೋಣ” ಅನ್ನುವ ಹುಡುಗ ಸಿಕ್ಕರೆ ಅವನೇ ನಿಜವಾದ ನಾಯಕ. ಅವನ ಸಂಬಳ ಸ್ವಲ್ಪ ಕಡಿಮೆ ಇದ್ದರೂ ಪರವಾಗಿಲ್ಲ, ಬೇಗ ಹೂ ಮುಡಿಸಿಬಿಡಿ!

ಹೊರಗಿನ ಆಸರೆ

ಮನೆಯವರೆಲ್ಲ ಕೈಜೋಡಿಸಿದರೂ ಸಾಲದ ದಿನ ಬರುತ್ತದೆ. ಮರೆವಿನ ಕಾಯಿಲೆ ಅಪರೂಪದ್ದಲ್ಲ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಇದು ಇದೆ. ಹಾಗಾಗಿ ನಮ್ಮ ಮನೆಗೆ ಮಾತ್ರ ಬಂದ ಶಾಪ ಅಂತ ಕೊರಗಬೇಕಿಲ್ಲ.

ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಕಸ್ತೂರಿನಗರದಲ್ಲಿ ಮರೆವಿನ ಕಾಯಿಲೆಯವರಿಗೆಂದೇ ಕೇಂದ್ರ ತೆರೆಯಿತು. ಹೆಬ್ಬಾಳದಿಂದ ಹೊರ ವರ್ತುಲ ರಸ್ತೆ ಹಿಡಿದರೆ ಆ ಕಡೆಗೇ ಹೋಗುತ್ತದೆ. ನಿಮ್ಹಾನ್ಸ್‌ನಲ್ಲಿ ಹಿರಿಯರ ಮನಸ್ಸಿನ ಕಾಯಿಲೆಗಳಿಗೆ ಪ್ರತ್ಯೇಕ ವಿಭಾಗವಿದೆ. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಿಂದ ಇದೆ. ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಉಪಶಾಮಕ ಆರೈಕೆಯ ವಿಭಾಗವೂ ಅಲ್ಲಿದೆ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಮಾರತ್ತಹಳ್ಳಿ ಕಡೆಯ ಕರುಣಾಶ್ರಯ ಉಚಿತವಾಗಿ ಆರೈಕೆ ಮಾಡುತ್ತದೆ.

ಎರಡು ನಂಬರ್ ಫ್ರಿಜ್ ಮೇಲೆ ಅಂಟಿಸಿಡಿ. ಹಿರಿಯರ ಸಹಾಯವಾಣಿ 14567. ಇನ್ನೊಂದು ನಿಮಗಾಗಿ: ಮನಸ್ಸು ತೀರಾ ಕುಗ್ಗಿದಾಗ ಮಾತಾಡಲು ಟೆಲಿ ಮಾನಸ್ 14416. ಇದು 2022ರಲ್ಲಿ ಶುರುವಾದ ಸರ್ಕಾರದ ಉಚಿತ ಸೇವೆ, ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಎರಡು ವಾರವಾದರೂ ಅಳು ನಿಲ್ಲುತ್ತಿಲ್ಲ, ನಿದ್ದೆ ಬರುತ್ತಿಲ್ಲ, ಯಾವುದೂ ಬೇಡ ಅನ್ನಿಸುತ್ತಿದೆ ಎಂದಾದರೆ ಅದನ್ನು ‘ಸುಸ್ತು’ ಅಂತ ತಳ್ಳಿಹಾಕಬೇಡಿ, ಡಾಕ್ಟರ್ ಹತ್ತಿರ ಹೋಗಿ. ಕಾವೇರಿಯ ಕಥೆ ಓದಿ ಅತ್ತವರು ನಾವು. ಇನ್ನೊಬ್ಬ ಕಾವೇರಿ ನಮ್ಮ ಮನೆಯಲ್ಲೇ ಆಗಬಾರದಲ್ಲವೇ?

ನಾಳೆ ಮಧ್ಯಾಹ್ನ ಮತ್ತೆ ಕಾದಂಬರಿ ಹಿಡಿದು ಕೂರಿ. ನಾಯಕಿ ರಾತ್ರಿಯಿಡೀ ತಣ್ಣೀರು ಪಟ್ಟಿ ಹಾಕುವ ಪುಟ ಬಂದಾಗ ಸಂಜೆ ಅದನ್ನು ನಿಮ್ಮವರಿಗೂ ಓದಿ ಹೇಳಿ. “ಈ ಜಾಗದಲ್ಲಿ ನೀವಿದ್ದಿದ್ರೆ ಏನ್ ಮಾಡ್ತಿದ್ರಿ?” ಅಂತ ಕೇಳಿ. “ಹನ್ನೆರಡು ಗಂಟೆವರೆಗೆ ನೀನು ಹಾಕು, ಆಮೇಲೆ ನನ್ನ ಎಬ್ಬಿಸು” ಅಂದರೋ, ನಿಮ್ಮದೂ ಪ್ರೇಮಕಥೆಯೇ ಅಂದುಕೊಳ್ಳಿ!